ದೆವ್ವಕ್ಕೂ ಬಿ ಖಾತಾ

ಒಲೆಯ ಮುಂದೆ ಹೆಣ್ಣು ದೆವ್ವ ಕೂತಿದೆ. ಮೇಲೆ ಪಾತ್ರೆಯಲ್ಲಿ ಅಡುಗೆ ಕುದಿಯುತ್ತಿದೆ. ಕೆಳಗೆ ಸೌದೆ ಇಲ್ಲ, ಸೌದೆಯ ಜಾಗದಲ್ಲಿರುವುದು ದೆವ್ವದ ಕಾಲು. ಧಗಧಗ ಉರಿಯುತ್ತಿದ್ದರೂ ಅದಕ್ಕೆ ಪರಿವೆಯೇ ಇಲ್ಲ. 1978ರಲ್ಲಿ ಬಂದ ತೆಲುಗಿನ ‘ಜಗನ್ಮೋಹಿನಿ’ಯ ಈ ದೃಶ್ಯ ಸಿನಿಮಾ ನೋಡದವರಿಗೂ ಗೊತ್ತು. ಅಕ್ಕನೋ ಅತ್ತೆಯೋ ಯಾವಾಗಲೋ ಹೇಳಿರುತ್ತಾರೆ. ಹೆದರಿಸಬೇಕೆಂದೇ ಶುರುಮಾಡಿ, ಕಾಲು ಒಲೆಗೆ ಹೋಗುವ ಹೊತ್ತಿಗೆ ಹೇಳುವವರೇ ನಕ್ಕುಬಿಟ್ಟಿರುತ್ತಾರೆ.

ಹಳೆಯ ಹಾರರ್ ಸಿನಿಮಾಗಳ ದೆವ್ವ, ಪಿಶಾಚಿ, ರಾಕ್ಷಸರನ್ನು ಹಿಡಿದುತಂದು ತಮಾಷೆಯ ಚಿತ್ರ ಬರೆಯುವ ಹುಚ್ಚು ಈಗ ಸಾಕಷ್ಟು ಮಂದಿಗಿದೆ. ಟೀ ಶರ್ಟು, ಕಾಫಿ ಮಗ್ಗು, ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸುವ ಸ್ಟಿಕರ್‌ಗಳಲ್ಲೆಲ್ಲ ಡ್ರಾಕುಲಾ ಹಲ್ಲು ಕಿಸಿಯುತ್ತಾನೆ. ಬೆಂಗಳೂರಿನ ಗೊಟ್ಟಿಗೆರೆಯ ನನ್ನ ಬಾಡಿಗೆ ಮನೆಯ ಮೇಜಿನ ಮೇಲೂ ಇಂಥ ಹಾಳೆಗಳ ಒಂದು ಕಟ್ಟು ಬೆಳೆಯುತ್ತಿದೆ. ಈ ವಿದ್ಯೆಗೆ ಗುರು ಯಾರೆಂದು ಕೇಳಿದರೆ ಹೆಚ್ಚಿನವರು ಅಮೆರಿಕದ ಹೆಸರು ಹೇಳುತ್ತಾರೆ. ನಾನು ಉಡುಪಿ ಪಕ್ಕದ ಉದ್ಯಾವರದ ಕಡೆ ಕೈ ತೋರಿಸುತ್ತೇನೆ.

‘ಜಗನ್ಮೋಹಿನಿ’ ತೆಗೆದ ಬಿ. ವಿಠಲಾಚಾರ್ಯ 1920ರಲ್ಲಿ ಹುಟ್ಟಿದ್ದು ಅಲ್ಲಿಯೇ. ಚಿಕ್ಕಂದಿನಲ್ಲೇ ಊರು ಬಿಟ್ಟು ಅರಸೀಕೆರೆಗೆ ಬಂದವರು, ಹೋಟೆಲ್ ನಡೆಸಿದರು, ಟೂರಿಂಗ್ ಟಾಕೀಸ್ ನಡೆಸಿದರು, ಆಮೇಲೆ ಮೈಸೂರಿನಲ್ಲಿ ಡಿ. ಶಂಕರಸಿಂಗ್ ಅವರ ಜೊತೆ ಮಹಾತ್ಮಾ ಪಿಕ್ಚರ್ಸ್ ಕಟ್ಟಿದರು. 1951ರಲ್ಲಿ ಆ ಸಂಸ್ಥೆಯಿಂದ ಬಂದ ಕನ್ನಡ ಚಿತ್ರದ ಹೆಸರೂ ‘ಜಗನ್ಮೋಹಿನಿ’ಯೇ. ಮುಂದೆ ಮದರಾಸಿಗೆ ಹೋಗಿ ತೆಲುಗಿನಲ್ಲಿ ನೆಲೆ ನಿಂತ ಮೇಲೆ ಅವರು ‘ಜಾನಪದ ಬ್ರಹ್ಮ’ ಎನಿಸಿಕೊಂಡರು. ಮಾಂತ್ರಿಕರು, ಅಸ್ಥಿಪಂಜರಗಳು, ಮಾತಾಡುವ ಪ್ರಾಣಿಗಳು, ಹಾರುವ ಹಾಸಿಗೆಗಳು ಎಲ್ಲವೂ ಅವರ ಅಂಗಡಿಯಲ್ಲಿ ಸಿಗುತ್ತಿದ್ದವು. ಕಡಿಮೆ ದುಡ್ಡಿನಲ್ಲಿ ಸಿಗುತ್ತಿದ್ದವು ಎಂಬುದು ಮುಖ್ಯ. ಸಂಭಾವನೆ ಹೆಚ್ಚು ಕೇಳಿ ಸತಾಯಿಸುವ ನಟನ ಪಾತ್ರಕ್ಕೆ ಒಂದು ಶಾಪ ಕೊಡಿಸಿ, ಅದನ್ನು ಗಿಳಿಯನ್ನೋ ಮೇಕೆಯನ್ನೋ ಮಾಡಿ, ಉಳಿದ ಸಿನಿಮಾ ಅದರಲ್ಲೇ ಮುಗಿಸಿಬಿಡುತ್ತಿದ್ದರು ಎಂದು ಚಿತ್ರರಂಗದಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನಿಜವೋ ಕಟ್ಟುಕಥೆಯೋ, ಹೋಟೆಲ್ ನಡೆಸಿದವರ ಲೆಕ್ಕಾಚಾರಕ್ಕೆ ಒಪ್ಪುವ ಕಥೆ.

ಆ ಒಲೆಯ ದೃಶ್ಯವನ್ನು ಚಿತ್ರ ಬರೆಯುವವರ ಕಣ್ಣಿನಿಂದ ನೋಡಬೇಕು. ಅದಕ್ಕೆ ಅಡಿಬರಹ ಬೇಡ. ಭಾಷೆ ಬೇಡ. ದೆವ್ವ ಏನೂ ಮಾತಾಡುವುದಿಲ್ಲ, ಮನೆಗೆಲಸ ಮಾಡುತ್ತದೆ ಅಷ್ಟೆ. ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದ ಕಾಲದಲ್ಲಿ, ಹಸಿಸೌದೆ ಊದಿ ಊದಿ ಕಣ್ಣು ಕೆಂಪಾದ ಹೆಂಗಸರು ಟಾಕೀಸಿನ ಬೆಂಚಿನಲ್ಲಿ ಕೂತು ಇದನ್ನು ನೋಡಿದ್ದಾರೆ. ಹೆದರಿಕೆಯ ಜೊತೆಗೆ, ಅಯ್ಯೋ ನಮಗೂ ಹೀಗೊಂದು ಅನುಕೂಲ ಇದ್ದಿದ್ದರೆ ಎಂದು ಒಬ್ಬರಿಗಾದರೂ ಅನಿಸದೆ ಇರುತ್ತದೆಯೇ?

ನಾನು ಬರೆದಾಗ ಅಡುಗೆಮನೆಯನ್ನು ಈಗಿನದು ಮಾಡಿದೆ. ಗ್ರಾನೈಟ್ ಕಟ್ಟೆ, ಚಿಮಣಿ, ಮೂಲೆಯಲ್ಲಿ ಖಾಲಿಯಾದ ಸಿಲಿಂಡರು. ಕಟ್ಟೆಯ ಮೇಲೆ ಹತ್ತಿ ಕೂತ ದೆವ್ವ ಬಲಗಾಲನ್ನು ಬರ್ನರಿನ ಜಾಗಕ್ಕೆ ಇಟ್ಟಿದೆ, ಕುಕ್ಕರಿನ ವಿಷಲ್ ಲೆಕ್ಕ ಹಾಕುತ್ತಾ ಫೋನ್ ನೋಡುತ್ತಿದೆ. ಮೊದಲ ಸಲ ದೆವ್ವದ ಮುಖದಲ್ಲಿ ಕ್ರೌರ್ಯ ತಂದಿದ್ದೆ. ನಗು ಬರಲಿಲ್ಲ. ಆಮೇಲೆ ಕಣ್ಣಿನ ರೆಪ್ಪೆಯನ್ನು ಅರ್ಧಕ್ಕೆ ಇಳಿಸಿದೆ, ಕಣ್ಣುಗುಡ್ಡೆಯ ಮೇಲಿನ ಅರ್ಧ ಮುಚ್ಚಿತು, ಬೇಜಾರು ಬಂತು. ನಗುವೂ ಬಂತು. ಕೋಪ ಬಂದ ದೆವ್ವ ಎಲ್ಲ ಕಡೆಯೂ ಇದೆ. ಬೇಜಾರಾದ ದೆವ್ವ ಅಪರೂಪ. ಕಾಲ್ಬೆರಳಿನಲ್ಲಿ ಕಾಲುಂಗುರ ಬರೆದು ಅದಕ್ಕೊಂದಿಷ್ಟು ಕೆಂಪು ಹಚ್ಚಿದೆ. ನೋಡಿದವರೆಲ್ಲ ಮೊದಲು ಬೆರಳಿಟ್ಟು ತೋರಿಸುವುದು ಆ ಉಂಗುರವನ್ನೇ, ಉರಿಯುವ ಕಾಲನ್ನಲ್ಲ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಹೆಂಗಸು, ಅಡುಗೆಮನೆ, ಬೆಂಕಿ ಈ ಮೂರನ್ನು ಒಟ್ಟಿಗಿಟ್ಟು ತಮಾಷೆ ಮಾಡುವುದು ನಮ್ಮ ದೇಶದಲ್ಲಿ ಅಷ್ಟು ಸಲೀಸಲ್ಲ. ‘ಸ್ಟೌ ಸಿಡಿದು ಸೊಸೆ ಸಾವು’ ಎಂಬ ಸುದ್ದಿಯನ್ನು ಎಂಬತ್ತರ ದಶಕದ ಪತ್ರಿಕೆ ಓದಿದವರು ಮರೆತಿಲ್ಲ. ದಂಡಸಂಹಿತೆಗೆ 498ಎ ಸೇರಿದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಸೇರಿದ್ದು 1986ರಲ್ಲಿ. ‘ಜಗನ್ಮೋಹಿನಿ’ ಅದಕ್ಕೂ ಮೊದಲಿನದು. ಆ ದೃಶ್ಯ ಹೆಂಗಸರಿಗೆ ಅಷ್ಟು ಇಷ್ಟವಾದದ್ದು ಇದಕ್ಕೇ ಇರಬಹುದು ಎಂದು ನನಗನಿಸುತ್ತದೆ: ಅಡುಗೆಮನೆಯ ಬೆಂಕಿಗೆ ಏನೂ ಮಾಡಲಾಗದ ಒಬ್ಬಳಾದರೂ ಅಲ್ಲಿದ್ದಳು. ಆದ್ದರಿಂದ ನನ್ನ ಚಿತ್ರದಲ್ಲಿ ಅವಳ ಮುಖದಲ್ಲಿ ನೋವಿನ ಒಂದು ಗೆರೆಯೂ ಬರಕೂಡದು. ಬಂದರೆ ಹಾಳೆ ಹರಿಯಬೇಕು.

ವಿಠಲಾಚಾರ್ಯರಿಗೆ ಇಂಥ ದೆವ್ವ ಎಲ್ಲಿಂದ ಹೊಳೆಯಿತು? ಕರಾವಳಿಯಲ್ಲಿ ಹುಟ್ಟಿದವರು ಯಕ್ಷಗಾನದ ಬಣ್ಣದ ವೇಷ ನೋಡದೆ ಇದ್ದಿರಲಾರರು ಎಂಬುದು ನನ್ನ ಊಹೆ. ತೆಂಕುತಿಟ್ಟಿನಲ್ಲಿ ರಾಕ್ಷಸ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚುಟ್ಟಿ ಇಡಲು ಗಂಟೆಗಟ್ಟಲೆ ಕೂರುತ್ತಾನೆ. ನಡುರಾತ್ರಿ ಕಳೆದ ಮೇಲೆ, ಎಳೆಯರಿಗೆ ನಿದ್ದೆ ಹತ್ತುವ ಹೊತ್ತಿಗೆ, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭಗ್ಗೆನಿಸಿ, ತೆರೆಯ ಹಿಂದಿನಿಂದ ಆರ್ಭಟ ಕೊಡುತ್ತಾನೆ. ನಿದ್ದೆ ಎಲ್ಲಿಗೆ ಹೋಯಿತೋ! ಆದರೆ ಶೂರ್ಪನಖಿ, ಅಜಮುಖಿಯಂಥ ಹೆಣ್ಣುಬಣ್ಣದ ವೇಷ ಬಂದರೆ ನೋಡಿ. ಹಾಗೆಯೇ ಆರ್ಭಟಿಸಿ ಬಂದವಳು, ಬಂದ ಮೇಲೆ ತಲೆ ಬಾಚಿಕೊಳ್ಳುತ್ತಾಳೆ, ಕನ್ನಡಿ ನೋಡುತ್ತಾಳೆ, ಸಿಂಗಾರ ಮಾಡಿಕೊಳ್ಳುತ್ತಾಳೆ. ಈಗಷ್ಟೇ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದ್ದ ಮಗು ಇಣುಕಿ ನೋಡಿ ನಗುತ್ತದೆ. ರಕ್ಕಸಿಗೂ ತಲೆಗೂದಲು ಸಿಕ್ಕಾಗುತ್ತದೆ ಎಂದು ತೋರಿಸಿದ ಆ ಕಲಾವಿದರಿಗಿಂತ ದೊಡ್ಡ ವ್ಯಂಗ್ಯಚಿತ್ರಕಾರರನ್ನು ನಾನು ನೋಡಿಲ್ಲ.

ಕಾಗದದ ಮೇಲಿನ ಕಥೆ ಬೇರೆ. ಕನ್ನಡದ ಮಕ್ಕಳಿಗೆ ಭೂತದ ಚಿತ್ರ ಎಂದರೆ ‘ಚಂದಮಾಮ’ದ ಬೇತಾಳ. ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ, ಬಿಗಿದ ತುಟಿಯ ವಿಕ್ರಮ. ಅದನ್ನು ಬರೆದವರು ಶಂಕರ್ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್. 2020ರಲ್ಲಿ ತೀರಿಕೊಂಡರು. ಆ ಚಿತ್ರದಲ್ಲಿ ತಮಾಷೆ ಇಲ್ಲ, ಘನತೆ ಇದೆ. ತಮಾಷೆಯನ್ನು ನಾವೇ ಬಾಲ್‌ಪೆನ್ನಿನಲ್ಲಿ ಸೇರಿಸುತ್ತಿದ್ದೆವು: ಬೇತಾಳಕ್ಕೆ ಕನ್ನಡಕ, ವಿಕ್ರಮನ ಕಿವಿಗೆ ಬೀಡಿ. ದೊಡ್ಡವರ ವ್ಯಂಗ್ಯಚಿತ್ರದಲ್ಲಿ ದೆವ್ವಗಳಿಗೆ ಹೆಚ್ಚು ಜಾಗ ಸಿಗಲೇ ಇಲ್ಲ. ರಾಶಿಯವರು 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ ‘ಕೊರವಂಜಿ’ಯಿಂದ ಹಿಡಿದು ಇಂದಿನ ದಿನಪತ್ರಿಕೆಗಳವರೆಗೆ ನಮ್ಮ ವ್ಯಂಗ್ಯಚಿತ್ರಕಾರರು ಮಂತ್ರಿಗಳನ್ನೂ ಗುಮಾಸ್ತರನ್ನೂ ಬರೆದರು. ಹೆದರಿಸುವವರು ಅಷ್ಟು ಮಂದಿ ಎದುರಿಗೇ ಇರುವಾಗ ದೆವ್ವದ ಗೊಡವೆ ಯಾಕೆ ಎನಿಸಿರಬೇಕು.

ಹಿಂದಿಯಲ್ಲಿ ಈ ಸರಕಿಗೆ ರಾಮ್ಸೆ ಸಹೋದರರೇ ಸಗಟು ವ್ಯಾಪಾರಿಗಳು. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿ ಕಳ್ಳತನಕ್ಕೆ ಬರುವ ಒಂದು ದೃಶ್ಯಕ್ಕೆ ಜನ ಕೂಗಿದ್ದನ್ನು ಮನೆಯ ಹುಡುಗರು ಗಮನಿಸಿದರು. ಏಳು ಅಣ್ಣತಮ್ಮಂದಿರು, ಒಬ್ಬ ಕಥೆ, ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ಸಂಕಲನ ಎಂದು ಹಂಚಿಕೊಂಡು, ಸಂಸಾರ ಸಮೇತ ಮಹಾಬಲೇಶ್ವರಕ್ಕೆ ಹೋಗಿ ‘ದೋ ಗಜ್ ಜಮೀನ್ ಕೆ ನೀಚೆ’ ತೆಗೆದುಕೊಂಡು ಬಂದರು. ಅದು 1972. ‘ಪುರಾನಾ ಮಂದಿರ್’ ಬಂದದ್ದು 1984ರಲ್ಲಿ. ಅದರ ಸಾಮ್ರಿ ಎಂಬ ಪಿಶಾಚಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆ ಪಾತ್ರ ಮಾಡಿದ ಅಜಯ್ ಅಗರ್‌ವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರು. ಮುಂಬಯಿಯವರಿಗೆ ಇದು ಸೋಜಿಗವಾಗಿರಬಹುದು. ಬನ್ನೇರುಘಟ್ಟ ರಸ್ತೆಯಲ್ಲಿ ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯುವ ಮುಖಗಳನ್ನು ನೋಡುವ ನನಗೆ, ಎಂಜಿನಿಯರಿಂಗ್ ಓದಿದ ದೆವ್ವದಲ್ಲಿ ವಿಶೇಷವೇನೂ ಕಾಣುವುದಿಲ್ಲ. ನನ್ನ ಸಾಮ್ರಿಯ ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿದೆ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ. ಇನ್ನೊಂದು ವಿಷಯ: ‘ಪುರಾನಾ ಮಂದಿರ್’ನಲ್ಲೇ ‘ಶೋಲೆ’ಯನ್ನು ಅಣಕಿಸುವ ಜಗದೀಪ್ ಅವರ ಹಾಸ್ಯದ ಕಥೆಯೂ ಹೆಣೆದುಕೊಂಡಿದೆ. ತಲೆ ಕಡಿಯುವುದೂ ತಲೆಹರಟೆಯೂ ಒಂದೇ ಟಿಕೆಟ್ಟಿಗೆ.

ಪಶ್ಚಿಮದವರಲ್ಲಿ ಇದು ಹೇಗೆ ಬೆಳೆಯಿತು ಎನ್ನುವುದಕ್ಕೆ ಇಬ್ಬರು ಚಿತ್ರಕಾರರ ಹೆಸರು ಸಾಕು. 1931ರ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಬೋರಿಸ್ ಕಾರ್ಲಾಫ್ ಅವರ ಮುಖಕ್ಕೆ ಜ್ಯಾಕ್ ಪಿಯರ್ಸ್ ಮೇಕಪ್ ಮಾಡಿದ್ದರು. ತಲೆಬುರುಡೆ ಕೊಯ್ದು ಮುಚ್ಚಳದ ಹಾಗೆ ತೆರೆದು ಮಿದುಳು ಇಟ್ಟಿದ್ದಾರೆ ಎಂಬ ತರ್ಕದಿಂದ ನೆತ್ತಿಯನ್ನು ಚಪ್ಪಟೆ ಮಾಡಿದರು, ವಿದ್ಯುತ್ ಹರಿಸಲು ಕತ್ತಿನ ಎರಡು ಪಕ್ಕಕ್ಕೂ ಕಡ್ಡಿ ಇಟ್ಟರು. ಹೆದರಿಸಲು ಹುಟ್ಟಿದ ಆ ಚಪ್ಪಟೆ ತಲೆ, ಉದ್ದ ಮುಖ ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ‘ನ್ಯೂಯಾರ್ಕರ್’ ಪತ್ರಿಕೆಯ ಚಾರ್ಲ್ಸ್ ಆಡಮ್ಸ್ ತಮ್ಮ ವಿಚಿತ್ರ ಕುಟುಂಬದ ಆಳುಮನುಷ್ಯನಿಗೆ ಅಂಥದ್ದೇ ಮುಖ ಕೊಟ್ಟರು. 1942ರಲ್ಲಿ ಆಡಮ್ಸ್ ಅವರ ಚಿತ್ರಸಂಕಲನಕ್ಕೆ ಮುನ್ನುಡಿ ಬರೆದವರು ಯಾರು? ಸ್ವತಃ ಕಾರ್ಲಾಫ್! 1946ರ ಕ್ರಿಸ್‌ಮಸ್ಸಿಗೆ ಆಡಮ್ಸ್ ಬರೆದ ಚಿತ್ರದಲ್ಲಿ ಮನೆಬಾಗಿಲಲ್ಲಿ ನಿಂತು ಹಬ್ಬದ ಹಾಡು ಹೇಳುತ್ತಿರುವವರ ತಲೆಯ ಮೇಲೆ ಸುರಿಯಲು ಮಾಳಿಗೆಯ ಮೇಲಿಂದ ಆ ಕುಟುಂಬ ಕುದಿಯುವ ಹಂಡೆಯನ್ನು ವಾಲಿಸುತ್ತಿದೆ. ಅಡಿಬರಹ ಇಲ್ಲ. ಹಂಡೆ ಇನ್ನೂ ಸುರಿದಿಲ್ಲ, ಅದೇ ಜಾಣತನ. ಸುರಿದಿದ್ದರೆ ಅದು ಅಪರಾಧ ಸುದ್ದಿಯಾಗುತ್ತಿತ್ತು.

ಇನ್ನೊಬ್ಬರು ಜ್ಯಾಕ್ ಡೇವಿಸ್. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ‘ಟೇಲ್ಸ್ ಫ್ರಂ ದ ಕ್ರಿಪ್ಟ್’ನಂಥ ಭಯಾನಕ ಕಾಮಿಕ್ಸ್‌ಗಳಿಗೆ ಕೊಳೆತ ಹೆಣಗಳನ್ನು ಬರೆಯುತ್ತಿದ್ದವರು. 1954ರಲ್ಲಿ ಅಮೆರಿಕದ ಪ್ರಕಾಶಕರು ಕಾಮಿಕ್ಸ್‌ಗೆ ಕಟ್ಟುಪಾಡು ಹಾಕಿಕೊಂಡ ಮೇಲೆ ಹೆಣಗಳ ವ್ಯಾಪಾರ ನಿಂತುಹೋಯಿತು. ಅದೇ ಕೈ ‘ಮ್ಯಾಡ್’ ಪತ್ರಿಕೆಯಲ್ಲಿ ನಗಿಸಿತು. ಅವರ ಎರಡೂ ಕಾಲದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೆರೆ ಬದಲಾಗಿಲ್ಲ. ಅದೇ ಗಂಟುಮೂಳೆಯ ಬೆರಳು, ಅದೇ ದೊಗಳೆ ಬೂಟು. ಬದಲಾದದ್ದು ಬೆಳಕು. ಭಯದ ಚಿತ್ರದಲ್ಲಿ ಕಪ್ಪು ಶಾಯಿ ಅರ್ಧ ಹಾಳೆ ನುಂಗುತ್ತದೆ, ಬಾಗಿಲ ಸಂದಿಯಿಂದ ಒಂದು ಕೈ ಮಾತ್ರ ಕಾಣುತ್ತದೆ. ನಗಿಸಬೇಕಾದರೆ ಅದೇ ಪ್ರಾಣಿಯನ್ನು ಎಳೆದುತಂದು ಟ್ಯೂಬ್‌ಲೈಟಿನ ಕೆಳಗೆ ಕೂರಿಸಬೇಕು. ಹೊಟ್ಟೆ, ಮಂಡಿ, ಅಂಗಿಯ ಕಿತ್ತುಹೋದ ಗುಂಡಿ ಎಲ್ಲ ಕಾಣಬೇಕು. ನನ್ನ ಹಾಳೆಗಳಲ್ಲಿ ನೆರಳು ಇರುವುದೇ ಇಲ್ಲ ಎಂದರೂ ಆದೀತು.

ಈಗ ನಮ್ಮ ಮನೆಯ ದೆವ್ವಗಳಿಗೆ ಬರೋಣ. 1979ರ ‘ನಾ ನಿನ್ನ ಬಿಡಲಾರೆ’ ಕನ್ನಡದವರ ನಿದ್ದೆ ಕೆಡಿಸಿದ ಚಿತ್ರ. ದೆವ್ವ ಹೆಣ್ಣು, ಅದು ಹಿಡಿಯುವುದು ಗಂಡಸನ್ನು. ಅನಂತನಾಗ್ ಮೈಮೇಲೆ ಬಂದವರ ಹಾಗೆ ಆಡುತ್ತಾರೆ, ಹೆಂಡತಿ ಲಕ್ಷ್ಮಿ ಕಂಗಾಲು. ಅನಂತನಾಗ್ ಅವರ ಮುಖ ಬರೆಯುವುದು ಸುಲಭವಲ್ಲ, ಸಭ್ಯತೆ ಅಡ್ಡ ಬರುತ್ತದೆ. ಎಷ್ಟೇ ಕೆದರಿದ ಕೂದಲು ಬರೆದರೂ ಪರಿಚಯದ ಬ್ಯಾಂಕ್ ಮ್ಯಾನೇಜರಿಗೆ ಜ್ವರ ಬಂದಂತಿರುತ್ತದೆ. ಕೊನೆಗೆ ಹುಬ್ಬೊಂದನ್ನು ಮಾತ್ರ ಮೇಲೆತ್ತಿ, ಉಳಿದದ್ದನ್ನು ಹಾಗೇ ಬಿಟ್ಟೆ. 1993ರಲ್ಲಿ ಉಪೇಂದ್ರ ‘ಶ್!’ ತೆಗೆದರು. ಸಿನಿಮಾ ತೆಗೆಯುವವರ ಬೆನ್ನಿಗೇ ದೆವ್ವ ಬೀಳುವ ಕಥೆ, ಜೊತೆಗೆ ಕಾಶೀನಾಥ್ ಇದ್ದ ಮೇಲೆ ನಗು ಎಲ್ಲಿ ಹೋಗುತ್ತದೆ?

2004ರ ‘ಆಪ್ತಮಿತ್ರ’ದ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ತಮಾಷೆಯಾಗಿ ಬರೆಯ ಹೊರಟವರೆಲ್ಲ ನಾಗವಲ್ಲಿಯ ಕಣ್ಣು, ಕೆದರಿದ ಕೂದಲು, ಕುಣಿತವನ್ನು ಹಿಡಿದುಕೊಳ್ಳುತ್ತಾರೆ. ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಆ ಚಿತ್ರ ತೆರೆ ಕಾಣುವ ಮೊದಲೇ ತೀರಿಹೋದರು. ಅದನ್ನು ಬಿಟ್ಟರೂ, ರಾಜನ ಕೈಯಲ್ಲಿ ಸತ್ತ ನರ್ತಕಿ ನಾಗವಲ್ಲಿ. ಅವಳನ್ನು ನೋಡಿ ಯಾಕೆ ನಗಬೇಕು? ನಮ್ಮ ಸಿನಿಮಾದ ಹೆಣ್ಣು ದೆವ್ವಗಳಲ್ಲಿ ಹೆಚ್ಚಿನವರು ಸಾಯುವ ಮೊದಲು ಯಾರದೋ ಮೋಸಕ್ಕೆ ಸಿಕ್ಕವರು. ಬಿಳಿ ಸೀರೆ, ಗೆಜ್ಜೆ, ಬಿಚ್ಚಿದ ಕೂದಲು ಆಮೇಲೆ ಬರುತ್ತವೆ. ಅದೇ ಚಿತ್ರದಲ್ಲಿ ನಗಲು ಬೇರೆಯವರಿದ್ದಾರೆ: ಹೆದರಿ ಹೆದರಿ ಕಣ್ಣು ಹೊರಬಂದ ದ್ವಾರಕೀಶ್ ಇದ್ದಾರೆ, ‘ಹೌಲಾ ಹೌಲಾ’ ಎನ್ನುವ ರಾಜನಿದ್ದಾನೆ. ನಾನು ಬರೆದದ್ದು ಆ ರಾಜನನ್ನು. ಅರಮನೆಯ ಮಂಚದ ಮೇಲೆ ಕೂತು ಗಂಟಲು ಕೆಟ್ಟು ಉಪ್ಪುನೀರು ಬಾಯಿ ಮುಕ್ಕಳಿಸುತ್ತಿದ್ದಾನೆ. ಇದರ ಮುಂದಿನ ಭಾಗ, 2010ರ ‘ಆಪ್ತರಕ್ಷಕ’ದಲ್ಲಿ, ನಾಗವಲ್ಲಿಯ ಪಟವೇ ಹೋದ ಮನೆಯಲ್ಲೆಲ್ಲ ಕಂಟಕ ತರುತ್ತದೆ. ಚಿತ್ರ ಬರೆದು ಹೊಟ್ಟೆ ಹೊರೆಯುವವರಿಗೆ ಇದರಷ್ಟು ಹೆದರಿಕೆಯ ಕಥೆ ಇನ್ನೊಂದಿಲ್ಲ. ಕೊಟ್ಟ ಪಟ ವಾಪಸ್ ಬರಬಾರದು.

ಸಿನಿಮಾವನ್ನೂ ಮೀರಿಸಿದ ತಮಾಷೆ ನಮ್ಮ ಬೀದಿಯಲ್ಲೇ ನಡೆದಿತ್ತು. ತೊಂಬತ್ತರ ದಶಕದಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿ, ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬರುತ್ತದೆ, ಓದುತ್ತದೆ, ಸರಿ ಎಂದು ಹೋಗುತ್ತದೆ. ಮಾರನೆಯ ರಾತ್ರಿ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ, ಕೌಂಟರಿನಲ್ಲಿ ನಾಳೆ ಬನ್ನಿ ಎನಿಸಿಕೊಂಡರೂ ಜಗಳ ಮಾಡದ ಇಂಥ ದೆವ್ವವನ್ನು ಯಾವ ನಿರ್ದೇಶಕನೂ ಸೃಷ್ಟಿಸಿರಲಿಲ್ಲ. 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಇದೇ ಉಪಾಯವನ್ನು ಗೋಡೆಗಳ ಮೇಲೆ ಹಿಂದಿಯಲ್ಲಿ ಬರೆಸಿತು.

ಗೊಟ್ಟಿಗೆರೆಯಲ್ಲಿ ಚಿತ್ರ ಬರೆಯುವವರಿಗೆ ಮಾದರಿ ಹುಡುಕಿಕೊಂಡು ದೂರ ಹೋಗುವ ಕೆಲಸವಿಲ್ಲ. ಕೆರೆಯ ಈಚೆ, ನೇಕಾರರ ಕಾಲೊನಿಯ ಒಳರಸ್ತೆಗಳಲ್ಲಿ, ಕಾಳೇನ ಅಗ್ರಹಾರದ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ, ಎಲ್ಲಿ ನೋಡಿದರೂ ಮನೆ ಏಳುತ್ತಿದೆ. ಪ್ರತಿ ಮನೆಗೂ ಒಬ್ಬ ರಾಕ್ಷಸ. ಕಪ್ಪು ಮುಖ, ಕೋರೆಹಲ್ಲು, ಎದೆಯವರೆಗೆ ಇಳಿದ ಕೆಂಪು ನಾಲಿಗೆ, ಕಿವಿ ಮುಟ್ಟುವ ಮೀಸೆ. ಕೆಲವರು ಬೂದುಗುಂಬಳಕಾಯಿಗೇ ಬಣ್ಣ ಬಳಿದು ಕಣ್ಣು ಮೂಗು ಬರೆಸಿ ತೂಗುಹಾಕುತ್ತಾರೆ. ಬಿಸಿಲಿಗೆ ಕಾಯಿ ಬಾಡಿ ರಾಕ್ಷಸನ ಗಲ್ಲ ಒಳಕ್ಕೆ ಹೋದಾಗ ಅವನಿಗೆ ಹಲ್ಲು ಬಿದ್ದ ಅಜ್ಜನ ಕಳೆ ಬರುತ್ತದೆ. ಈಚೆಗೆ ಕಣ್ಣರಳಿಸಿ ದುರುಗುಟ್ಟುವ ಸೀರೆಯ ಹೆಂಗಸೊಬ್ಬರ ಫೋಟೊವನ್ನೂ ಕಟ್ಟಡಗಳಿಗೆ ದೃಷ್ಟಿಗೆಂದು ಕಟ್ಟುವುದು ಶುರುವಾಗಿದೆ, ರಾಕ್ಷಸರಿಗೂ ಪೈಪೋಟಿ. ದೃಷ್ಟಿಬೊಂಬೆ ಹೆದರಿಸಲೂ ಬೇಕು, ನೋಡಿದವರ ಕಣ್ಣನ್ನು ಮನೆಯಿಂದ ತನ್ನ ಕಡೆಗೆ ಎಳೆದುಕೊಳ್ಳಲೂ ಬೇಕು. ಬರೀ ಹೆದರಿಸಿದರೆ ಜನ ಮುಖ ತಿರುಗಿಸಿ ಮನೆಯನ್ನೇ ನೋಡಿಬಿಡುತ್ತಾರೆ. ಆದ್ದರಿಂದ ಅದರಲ್ಲಿ ಒಂದಿಷ್ಟು ಕೋಡಂಗಿತನ ಇರಲೇಬೇಕು. ಇದನ್ನು ಬರೆಯುವವರು ಯಾವ ಕಲಾಶಾಲೆಗೂ ಹೋದವರಲ್ಲ.

ಒಂದು ಬೆಳಿಗ್ಗೆ ಅಂಥ ಬೊಂಬೆಯೊಂದನ್ನು ಎದುರಿನ ಜಲ್ಲಿರಾಶಿಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದಾಗ ಮೇಸ್ತ್ರಿ ಬಂದು ಬಗ್ಗಿ ನೋಡಿದರು.

“ಮೀಸೆ ಇನ್ನೊಂಚೂರು ಮ್ಯಾಕೆ ತಿರುವಿ ಸಾರ್.”

“ಯಾಕ್ ಮೇಸ್ತ್ರಿ, ಇರೋ ಥರಾನೇ ಬರ್ದಿದೀನಲ್ಲ.”

“ಹಿಂಗಿದ್ರೆ ನಮ್ ಓನರ್ ಥರ ಕಾಣ್ತದೆ. ನೋಡಿದ್ರೆ ಬೈತಾರೆ.”

ತಿರುವಿದೆ. ಆಮೇಲೆ ಅವರಿಗೆ ಪುಸ್ತಕದ ಉಳಿದ ಹಾಳೆಗಳನ್ನೂ ತೋರಿಸುತ್ತಾ ಹೋದೆ. ಅವರು ಬಹಳ ಹೊತ್ತು ನೋಡಿದ್ದು ಒಬ್ಬ ಬೋಳುತಲೆಯವನನ್ನು: ಇಲಿಯ ಹಾಗೆ ಮುಂದಿನ ಎರಡು ಹಲ್ಲು, ಚೂಪು ಕಿವಿ, ಮಾರುದ್ದದ ಬೆರಳು, ಕಂಕುಳಲ್ಲಿ ಶವಪೆಟ್ಟಿಗೆ. 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನ ಕೌಂಟ್ ಓರ್ಲಾಕ್.

ಈ ಚಿತ್ರದ ಕಥೆ ಗೊಟ್ಟಿಗೆರೆಯವರಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗಲಾರದು, ಯಾಕೆಂದರೆ ಅದು ರಿಯಲ್ ಎಸ್ಟೇಟಿನ ಕಥೆ. ಊರಿನ ಬ್ರೋಕರು ತನ್ನ ಆಫೀಸಿನ ಹುಡುಗನನ್ನು ದೂರದ ಬೆಟ್ಟದ ಕೋಟೆಗೆ ಕಳಿಸುತ್ತಾನೆ. ಅಲ್ಲಿರುವ ದೊರೆಗೆ ಊರಲ್ಲಿ ಮನೆ ಬೇಕಂತೆ. ಪತ್ರ ಓದುತ್ತಿದ್ದ ದೊರೆ, ಹುಡುಗನ ಹೆಂಡತಿಯ ಪುಟ್ಟ ಪಟ ಕಂಡು ಅವಳ ಕತ್ತು ಚೆನ್ನಾಗಿದೆ ಎನ್ನುತ್ತಾನೆ, ಆ ಹುಡುಗನ ಎದುರುಮನೆಯನ್ನೇ ಕೊಳ್ಳುತ್ತಾನೆ. ಹುಟ್ಟೂರಿನ ಮಣ್ಣು ತುಂಬಿದ ಪೆಟ್ಟಿಗೆಗಳ ಜೊತೆ ಹಡಗಿನಲ್ಲಿ ಬಂದಿಳಿದು, ತನ್ನ ಶವಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೊಸ ಮನೆಗೆ ಹೋಗುತ್ತಾನೆ. ಸಾಮಾನು ಸಾಗಿಸುವವರಿಗೆ ದುಡ್ಡು ಕೊಡದೆ ಮನೆ ಬದಲಾಯಿಸಿದ ಎಲ್ಲರೂ ಆ ದೃಶ್ಯದಲ್ಲಿ ತಮ್ಮನ್ನೇ ಕಾಣಬಹುದು. ಮ್ಯಾಕ್ಸ್ ಶ್ರೆಕ್ ಎಂಬ ನಟ ಮೆಟ್ಟಿಲ ಮೇಲೆ ಬೀಳಿಸಿದ ಉಗುರಿನ ನೆರಳಿಗೆ ನೂರು ವರ್ಷವಾದರೂ ಮುಪ್ಪು ಬಂದಿಲ್ಲ. ಪೆಟ್ಟಿಗೆ ಹೊತ್ತು ಊರ ಬೀದಿಯಲ್ಲಿ ದಾಪುಗಾಲು ಹಾಕುವಾಗ ಮಾತ್ರ ಆ ಗಾಂಭೀರ್ಯ ಕಳಚಿ ಬೀಳುತ್ತದೆ.

ಈ ದೆವ್ವಕ್ಕೆ ಕಾಗದಪತ್ರದ ತೊಂದರೆಯೂ ಇತ್ತು. ನಿರ್ದೇಶಕ ಮುರ್ನಾವ್ ಮತ್ತು ನಿರ್ಮಾಪಕರು ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿ ಕೇಳದೆ, ಹೆಸರುಗಳನ್ನಷ್ಟೇ ಬದಲಿಸಿ ತೆಗೆದಿದ್ದರು. ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು ತೀರ್ಪಾಯಿತು. ಅಷ್ಟರಲ್ಲಿ ಪರದೇಶಗಳಿಗೆ ಹೋಗಿದ್ದ ಕೆಲವು ಪ್ರತಿಗಳು ಬದುಕಿಕೊಂಡವು. ಚಿತ್ರ ತೆಗೆದ ಸಂಸ್ಥೆಯ ಹೆಸರು ನಮ್ಮ ಸಂಸ್ಕೃತದಿಂದಲೇ ಎತ್ತಿಕೊಂಡದ್ದು: ಪ್ರಾಣ ಫಿಲ್ಮ್. ಆ ಒಂದೇ ಸಿನಿಮಾಕ್ಕೆ ಅದರ ಪ್ರಾಣ ಹೋಯಿತು. ನಮ್ಮಂಥವರಿಗೆ ಲಾಭವೆಂದರೆ, ಹಕ್ಕಿನ ಅವಧಿ ಮುಗಿದಿರುವ ಓರ್ಲಾಕನನ್ನು ಇವತ್ತು ಯಾರು ಬೇಕಾದರೂ ಬರೆದು ಮಾರಬಹುದು. 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ನ ನಡೆದಾಡುವ ಹೆಣಗಳೂ ಹಾಗೆಯೇ, ಕೊನೆಗಳಿಗೆಯಲ್ಲಿ ಸಿನಿಮಾದ ಹೆಸರು ಬದಲಿಸುವಾಗ ಹಕ್ಕಿನ ಸೂಚನೆ ಬಿಟ್ಟುಹೋಗಿ ಅದು ಸಾರ್ವಜನಿಕರ ಸ್ವತ್ತಾಯಿತು. ಕಾರ್ಲಾಫ್ ಅವರ ಚಪ್ಪಟೆ ತಲೆಯ ವಿಷಯ ಹಾಗಲ್ಲ. ಮೇರಿ ಶೆಲ್ಲಿಯವರ 1818ರ ಕಾದಂಬರಿ ಎಲ್ಲರದ್ದು, ಆ ಮೇಕಪ್ಪಿನ ಮುಖದ ಮೇಲೆ ಯೂನಿವರ್ಸಲ್ ಸ್ಟುಡಿಯೊದ ಕಣ್ಣಿದೆ. ಟೀ ಶರ್ಟಿನ ಮೇಲೆ ಅಚ್ಚು ಹಾಕಿಸುವ ಹುಡುಗರು ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ನನ್ನ ಹಾಳೆಗಳಲ್ಲಿ ಓರ್ಲಾಕ್ ಮೊದಲು ಬರುವುದು ಬಾಡಿಗೆಗೆ. ಮಾಲೀಕರು ಗೇಟಿನ ಒಳಗೆ ನಿಂತೇ ಕೇಳುತ್ತಾರೆ: ವೆಜ್ಜಾ, ನಾನ್‌ವೆಜ್ಜಾ? ಓರ್ಲಾಕ್ ಯೋಚಿಸುತ್ತಿದ್ದಾನೆ, ದ್ರವಾಹಾರಕ್ಕೆ ಏನು ಹೇಳುವುದು? ಎರಡನೆಯದರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅವನ ಮುಖವೇ ಬಿಳಿಚಿದೆ, ಮೊದಲೇ ಬಿಳಿ ಇದ್ದದ್ದರಿಂದ ಅದನ್ನು ಬರೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಮೂರನೆಯದರಲ್ಲಿ ಮನೆ ಕೊಂಡುಬಿಟ್ಟಿದ್ದಾನೆ. ರಾತ್ರಿ ಹನ್ನೆರಡಕ್ಕೆ, ಮುಚ್ಚಿದ ಕಂದಾಯ ಕಚೇರಿಯ ಬಾಗಿಲ ಮುಂದೆ, ಬಿ ಖಾತಾದ, ಅಂದರೆ ಇನ್ನೂ ಪೂರ್ತಿ ಸಕ್ರಮವಾಗದ ಆಸ್ತಿಯ, ಕಾಗದ ಹಿಡಿದು ನಿಂತಿದ್ದಾನೆ. ಹಗಲು ಬರಲಾಗದು, ರಾತ್ರಿ ಆಫೀಸು ತೆರೆದಿರದು. ಸಾವಿಲ್ಲದ ಜೀವವಾದ್ದರಿಂದ ಎ ಖಾತಾ ಆಗುವವರೆಗೆ ಕಾಯಬಲ್ಲ ಗಿರಾಕಿ ಅವನೊಬ್ಬನೇ.

ಇದನ್ನೆಲ್ಲ ವಿವರಿಸಿದ ಮೇಲೆ ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದರು.

“ಹಗಲೊತ್ತು ಯಾಕ್ ಬರಂಗಿಲ್ಲ?”

“ಬಿಸಿಲು ಬಿದ್ರೆ ಸತ್ತೋಗ್ತಾನೆ ಮೇಸ್ತ್ರಿ.” ಬಿಸಿಲಿಗೆ ರಕ್ತಪಿಪಾಸು ಸಾಯುವುದು ಶುರುವಾದದ್ದೇ ಈ ಸಿನಿಮಾದಿಂದ. ಸ್ಟೋಕರ್ ಅವರ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ.

ಮೇಸ್ತ್ರಿ ತಲೆ ಎತ್ತಿ ತಾವು ಕಟ್ಟುತ್ತಿದ್ದ ಮನೆ ನೋಡಿದರು. ಟ್ವೆಂಟಿ ಥರ್ಟಿ ಸೈಟು, ನಾಲ್ಕು ಅಂತಸ್ತು, ಪಕ್ಕದ ಮನೆಯ ಗೋಡೆಗೂ ಇದಕ್ಕೂ ನಡುವೆ ಒಂದು ಗೇಣು.

“ಗ್ರೌಂಡ್ ಫ್ಲೋರ್ ಕೊಡ್ಸಿ ಸಾರ್. ಸಾವಿರ ವರ್ಸ ಇರ್ತಾನೆ.”